ರಸ್ತೆಯಲ್ಲಿ ಮುಂದಿನ ಅಪಾಯವನ್ನು ಮೊದಲೇ ಗುರುತಿಸುವುದು ಹೇಗೆ?

ಹೊಸದಾಗಿ ಲೈಸೆನ್ಸ್ ಪಡೆದು ಬಾಗಲಕೋಟೆಯಿಂದ ಲೋಕಾಪುರ, ಮುಧೋಳ ಮಾರ್ಗವಾಗಿ ಜಮಖಂಡಿಗೆ ಓಡಾಡುತ್ತಿದ್ದೇನೆ, ಎಲ್ಲವೂ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ, ಬ್ರೇಕ್ ತುಳಿದು ಸಾಕಾಗಿದೆ ಎಂದು ಬರೆದಿದ್ದೀರಿ. ನಾನೂ ಆ ರಸ್ತೆಯಲ್ಲೇ ಓಡಾಡುವವನು. ಅಲ್ಲಿ ಒಮ್ಮೆಲೇ ಬರುವುದು ಬಹಳ ಕಡಿಮೆ. ಬಹುತೇಕ ಎಲ್ಲವೂ ಮೊದಲೇ ಸುಳಿವು ಕೊಟ್ಟಿರುತ್ತದೆ, ಆಗ ನಮ್ಮ ಕಣ್ಣು ಮುಂದಿನ ಗಾಡಿಯ ಬಂಪರಿಗೆ ಅಂಟಿಕೊಂಡಿರುತ್ತದೆ.

ಇನ್ನು 12 ಸೆಕೆಂಡಿನಲ್ಲಿ ನೀವು ತಲುಪುವ ಜಾಗದವರೆಗೂ ನೋಟ ಹೋಗಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು 200 ಮೀಟರ್. ದೂರದ ಬೇವಿನ ಮರವೊಂದನ್ನು ಗುರುತಿಟ್ಟು ಎಣಿಸಿ ನೋಡಿ, ಅಂದಾಜು ಸಿಗುತ್ತದೆ. ಆದರೆ ಅಲ್ಲೇ ನೆಟ್ಟ ನೋಟವೂ ಬೇಡ. ದೂರ, ಹತ್ತಿರ, ಕನ್ನಡಿ, ಮತ್ತೆ ದೂರ, ಹೀಗೆ ಕಣ್ಣು ತಿರುಗುತ್ತಿರಲಿ.

ಏನನ್ನು ನೋಡಬೇಕು ಎಂಬುದು ಇನ್ನೂ ಮುಖ್ಯ. ನಿಮ್ಮ ಮುಂದೆ ಟಂಟಂ, ಅಂದರೆ ದಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವ ಮೂರು ಗಾಲಿಯ ಆಟೊ, ಹೋಗುತ್ತಿದೆ ಎನ್ನಿ. ಅದರ ಇಂಡಿಕೇಟರ್ ನಂಬಿ ಕೂತರೆ ಕೆಟ್ಟಿರಿ. ಅದರಾಚೆ ರಸ್ತೆ ಬದಿಯಲ್ಲಿ ಕೈಚೀಲ ಹಿಡಿದು ನಿಂತ ಅಜ್ಜಿಯನ್ನು ನೋಡಿ. ಅವರು ಕೈ ಎತ್ತಿದ ಕ್ಷಣವೇ ಟಂಟಂ ಇದ್ದಲ್ಲೇ ನಿಲ್ಲುತ್ತದೆ, ಅದೂ ಅರ್ಧ ಡಾಂಬರಿನ ಮೇಲೆ. ಕೈ ಏಳುವ ಮೊದಲೇ ನಿಮ್ಮ ಕಾಲು ಆಕ್ಸಿಲರೇಟರಿನಿಂದ ಹಿಂದಕ್ಕೆ ಬಂದಿರಬೇಕು. ಹಾಗೆಯೇ ಒಂದು ಕುರಿ ದಾಟಿತೆಂದರೆ ಹಿಂಡು ಇನ್ನೂ ಬಾಕಿ ಇದೆ ಎಂದೇ ಲೆಕ್ಕ.

ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸಿಗೆ ಇದನ್ನೇ ಪರೀಕ್ಷಿಸುತ್ತಾರೆ. ರಸ್ತೆಯ 14 ವಿಡಿಯೊ ತುಣುಕು ತೋರಿಸುತ್ತಾರೆ, ಅಪಾಯ ರೂಪುಗೊಳ್ಳುವ ಸುಳಿವು ಸಿಕ್ಕ ಕೂಡಲೇ ಮೌಸ್ ಒತ್ತಬೇಕು. ತಡವಾದಷ್ಟೂ ಅಂಕ ಕಡಿಮೆ. ನಮ್ಮಲ್ಲಿ ರಿವರ್ಸ್ ತೆಗೆದು, ಎಂಟು ಹಾಕಿ ತೋರಿಸಿದರೆ ಮುಗಿಯಿತು!

ಇನ್ನು ರಾತ್ರಿ, ಅದರಲ್ಲೂ ಕಬ್ಬಿನ ಹಂಗಾಮು. ಕಾರ್ಖಾನೆಗಳು ಶುರುವಾದವೆಂದರೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಹಿಂದಿನ ದೀಪ ಇದ್ದರೂ ಕಬ್ಬಿನ ಮರೆಗೆ ಹೋಗಿರುತ್ತದೆ, ಎಷ್ಟೋ ಗಾಡಿಗಳಿಗೆ ರಿಫ್ಲೆಕ್ಟರ್ ಕೂಡ ಇರುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ, ಕಂಡದ್ದು ತಲೆಗೆ ಹೊಳೆದು ಬ್ರೇಕ್ ಹಿಡಿದು ಕಾರು ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 70 ಮೀಟರ್ ಬೇಕು. ಡಿಪ್ ಬೆಳಕು ಚೆನ್ನಾಗಿ ತೋರಿಸುವುದು ಹೆಚ್ಚೆಂದರೆ 50–60 ಮೀಟರ್. ಲೆಕ್ಕ ನೀವೇ ಹಾಕಿ. ಅದಕ್ಕೇ ರಾತ್ರಿ ನಾನು 60 ದಾಟುವುದಿಲ್ಲ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಬೆಳಕಿಗೆ ಬೀಳುವ ಮೊದಲೂ ಕಬ್ಬಿನ ಗಾಡಿಯ ಗುರುತು ಸಿಗುತ್ತದೆ. ಡಾಂಬರಿನ ಮೇಲೆ ಹಸಿ ಕಬ್ಬಿನ ತುಂಡು, ರವದಿ (ಕಬ್ಬಿನ ಒಣ ಎಲೆ) ಬಿದ್ದಿದ್ದರೆ ಮುಂದೆ ಗಾಡಿ ಇದೆ ಎಂದುಕೊಳ್ಳಿ. ಎದುರಿನಿಂದ ಬರುವ ವಾಹನದ ಎರಡು ದೀಪಗಳಲ್ಲಿ ಒಂದು ಮಾಯವಾಗಿ ಮತ್ತೆ ಕಂಡರೆ, ನಿಮಗೂ ಅದಕ್ಕೂ ನಡುವೆ ದೀಪವಿಲ್ಲದ್ದೇನೋ ಇದೆ. ಕಿಟಕಿ ತುಸು ಇಳಿಸಿಕೊಂಡಿರಿ. ಗಾಡಿಗಿಂತ ಮೊದಲು ಅದರ ಸ್ಪೀಕರಿನ ಹಾಡು ಬರುತ್ತದೆ. ಆ ಗದ್ದಲಕ್ಕೆ ಊರವರು ಬೈಯುತ್ತಾರೆ, ನನಗಂತೂ ಉಪಕಾರವೇ ಆಗಿದೆ. ಎದುರಿನ ಹೈಬೀಮ್ ಕಣ್ಣು ಕುಕ್ಕಿದರೆ ಎಡಬದಿಯ ಬಿಳಿ ಗೆರೆ ನೋಡುತ್ತ ವೇಗ ಇಳಿಸಿ. ಸೇಡಿಗೆಂದು ನಿಮ್ಮ ಹೈಬೀಮ್ ಹಾಕಬೇಡಿ.

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ಬಿಸಿಲು ತಪ್ಪಿಸಲು ರಾತ್ರಿ, ನಸುಕಿನಲ್ಲೇ ರಸ್ತೆಯಲ್ಲಿರುತ್ತಾರೆ. ಆ ದಿನಗಳಲ್ಲಿ ಎಡ ಅಂಚಿನ ಮೇಲೆ ಹೆಚ್ಚು ಕಣ್ಣಿರಲಿ.

ರಾಶಿಯ ಕಾಲದಲ್ಲಿ ಇನ್ನೊಂದು ಕಾಟವಿದೆ. ರಸ್ತೆ ಮೇಲೆ ಕಾಳು ಒಣಹಾಕಿ, ವಾಹನ ಹತ್ತದಿರಲೆಂದು ಸುತ್ತ ಕಲ್ಲಿಡುತ್ತಾರೆ. ಸಂಜೆ ಕಾಳು ಚೀಲಕ್ಕೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಹಗಲು ಹೋಗುವಾಗಲೇ ಅಂಥ ಜಾಗ ಯಾವ ಊರಿನ ಹತ್ತಿರ ಎಂದು ನೋಡಿಟ್ಟುಕೊಳ್ಳಿ. ಕತ್ತಲಾದ ಮೇಲೆ ಹಿಂತಿರುಗುವಾಗ ಆ ಊರು ಬರುವ ಮೊದಲೇ ಗೇರ್ ಇಳಿಸಿ.