ಬಯಾಪ್ಸಿ ರಿಪೋರ್ಟಿಗೆ ಎಂಟು ದಿನ ಯಾಕೆ? ಮೇಲೆ ಐಎಚ್‌ಸಿ ಬೇರೆ ಮಾಡಿಸಿ ಅಂತಾರೆ, ಇದು ದುಡ್ಡು ಕೀಳುವ ಆಟವಾ?

ನೀವು ಗದಗದಿಂದ ಬರೆದಿದ್ದೀರಿ. ಅವ್ವನ ಎದೆಯ ಗಂಟಿನಿಂದ ಸೂಜಿ ಹಾಕಿ ಚೂರು ತೆಗೆದರು. ಎಂಟು ದಿನ ಕಾಯಿಸಿ ಕ್ಯಾನ್ಸರ್ ಅಂತ ರಿಪೋರ್ಟ್ ಕೊಟ್ಟರು. ಅದರ ಕೆಳಗೆ ಐಎಚ್‌ಸಿ (ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅದೇ ಚೂರಿನ ಮೇಲೆ ಮಾಡುವ ಇನ್ನೊಂದು ಟೆಸ್ಟ್) ಮಾಡಿಸಿ ಅಂತ ಬರೆದಿದ್ದಾರೆ, ಅದಕ್ಕೆ ಮತ್ತೆ ದಿನ, ಮತ್ತೆ ದುಡ್ಡು. ರಕ್ತದ ರಿಪೋರ್ಟು ಸಂಜೆಗೇ ಸಿಗುತ್ತದೆ, ಕಂಪ್ಯೂಟರ್ ಎಲ್ಲ ಬಂದ ಮೇಲೂ ಇದಕ್ಕೆ ಇಷ್ಟು ದಿನ ಯಾಕೆ ಅಂತ ನಿಮ್ಮ ಪ್ರಶ್ನೆ.

ಆಟ ಅಲ್ಲ. ನಾನು ಹುಬ್ಬಳ್ಳಿಯಲ್ಲಿ ಹಿಸ್ಟೋಪೆಥಾಲಜಿ ಲ್ಯಾಬಿನ, ಅಂದರೆ ದೇಹದಿಂದ ತೆಗೆದ ಚೂರು ಪರೀಕ್ಷಿಸುವ ಲ್ಯಾಬಿನ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಚೂರು ಬಂದಾಗಿನಿಂದ ಸ್ಲೈಡ್ ಆಗುವ ತನಕ ಕೆಲಸ ನನ್ನದು. ಸ್ಲೈಡ್ ನೋಡಿ ಏನು ಅಂತ ಹೇಳುವುದು ಪೆಥಾಲಜಿಸ್ಟ್ ಕೆಲಸ. ಹಾಗಾಗಿ ಅವ್ವನಿಗೆ ಯಾವ ಔಷಧ ಅಂತ ನಾನು ಹೇಳಲಾರೆ. ಆ ಎಂಟು ದಿನ ಎಲ್ಲಿ ಹೋದವು ಅಂತ ಮಾತ್ರ ಚೆನ್ನಾಗಿ ಹೇಳಬಲ್ಲೆ.

ರಕ್ತ ಹರಿಯುತ್ತದೆ. ಮಷೀನ್ ಹೀರಿಕೊಂಡು ಎಣಿಸಿಬಿಡುತ್ತದೆ. ಮಾಂಸದ ಚೂರು ಹಾಗಲ್ಲ. ಅದರೊಳಗೆ ಬೆಳಕು ಹಾಯಬೇಕು, ಆಗಲೇ ಮೈಕ್ರೋಸ್ಕೋಪಿನಲ್ಲಿ ಏನಾದರೂ ಕಾಣುವುದು. ಅದಕ್ಕೆ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕೊಯ್ಯಬೇಕು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಮೆತ್ತಗಿನ ಹಸಿ ಚೂರು ಅಷ್ಟು ತೆಳ್ಳಗೆ ಬ್ಲೇಡಿಗೆ ಸಿಗುವುದಿಲ್ಲ. ಅದರೊಳಗಿನ ನೀರನ್ನೆಲ್ಲ ತೆಗೆದು, ಆ ಜಾಗದಲ್ಲಿ ಮೇಣ ತುಂಬಿ ಗಟ್ಟಿ ಮಾಡಬೇಕು. ದಿನಗಳು ಹೋಗುವುದು ಇದರಲ್ಲೇ.

ಮೊದಲು ಫಾರ್ಮಲಿನ್. ಚೂರು ದೇಹದಿಂದ ಹೊರಗೆ ಬಂದ ಗಳಿಗೆಯಿಂದ ಕೆಡಲು ಶುರು. ಫಾರ್ಮಲಿನ್ ಅದನ್ನು ಇದ್ದ ಹಾಗೆ ಹಿಡಿದು ನಿಲ್ಲಿಸುತ್ತದೆ. ಆದರೆ ಅದು ಒಳಗೆ ಇಳಿಯುವುದು ಬಹಳ ನಿಧಾನ, ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಿಮ್ಮ ಅವ್ವನದು ಶಾವಿಗೆ ಎಳೆಯಷ್ಟು ಸಣ್ಣ ಚೂರು, ಬೇಗ ಇಳಿಯುತ್ತದೆ. ಆದರೂ ಒಳಗೆ ಇಳಿದ ಮೇಲೆ ಹಿಡಿತ ಕೂರಲು ಹೊತ್ತು ಬೇಕು. ಎದೆಯ ಚೂರಿಗೆ ಕಡಿಮೆ ಅಂದರೆ 6 ಗಂಟೆ, ಜಾಸ್ತಿ ಅಂದರೆ 72 ಗಂಟೆ ಅಂತ ನಿಯಮ ಇದೆ. ಗಡಿಬಿಡಿ ಮಾಡಿದರೂ ಕೆಡುತ್ತದೆ, ಮರೆತು ಬಿಟ್ಟರೂ ಕೆಡುತ್ತದೆ.

ಆಮೇಲೆ ರಾತ್ರಿಯಿಡೀ ಪ್ರಾಸೆಸರ್ ಓಡುತ್ತದೆ, ಚೂರಿನ ನೀರು ತೆಗೆದು ಮೇಣ ತುಂಬುವ ಯಂತ್ರ ಅದು. ನೀರು, ಮೇಣ ಎರಡೂ ಒಂದಕ್ಕೊಂದು ಸೇರುವುದಿಲ್ಲ ಅಲ್ವಾ? ಅದಕ್ಕೆ ನಡುವೆ ದಲ್ಲಾಳಿಗಳು ಬೇಕು. ಆಲ್ಕೋಹಾಲ್ ಬಂದು ನೀರನ್ನು ಹೊರಗೆ ಕಳಿಸುತ್ತದೆ, ಝೈಲೀನ್ ಬಂದು ಆಲ್ಕೋಹಾಲನ್ನು ಕಳಿಸುತ್ತದೆ, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಮೇಣ ಒಳಗೆ ಕೂರುತ್ತದೆ. ಬೆಳಿಗ್ಗೆ ಅದನ್ನು ಅಚ್ಚಿಗೆ ಹಾಕಿ ತಣ್ಣಗೆ ಮಾಡಿದರೆ ಬ್ಲಾಕ್ ರೆಡಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದು. ಈ ಬ್ಲಾಕ್ ಅನ್ನುವ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ನನಗೆ ಇಷ್ಟದ ಕೆಲಸ ಇಲ್ಲಿಂದ ಮುಂದಿನದು. ಬ್ಲಾಕನ್ನು ಮೈಕ್ರೋಟೋಮ್ ಅನ್ನುವ ಕೊಯ್ಯುವ ಯಂತ್ರಕ್ಕೆ ಕೂರಿಸಿ ಹಿಡಿಕೆ ತಿರುಗಿಸುತ್ತಾ ಹೋದರೆ, ಒಂದರ ಅಂಚಿಗೆ ಇನ್ನೊಂದು ಅಂಟಿಕೊಂಡು ಮೇಣದ ಪದರಗಳು ರಿಬ್ಬನ್ ಥರ ಇಳಿಯುತ್ತವೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಪದರ ಮುದುಡುತ್ತದೆ. ಅದಕ್ಕೆ ಬ್ಲಾಕುಗಳನ್ನು ಐಸ್ ಮೇಲೆ ಮಲಗಿಸಿಟ್ಟು, ಒಂದೊಂದನ್ನೇ ಎತ್ತಿ ಕೊಯ್ಯುತ್ತೇವೆ. ಚಳಿಗಾಲದ ಒಣ ಹವೆಯಲ್ಲಿ ಬೇರೆ ಕಾಟ. ರಿಬ್ಬನ್ ಹಾರಿ ಬ್ಲೇಡಿಗೋ ಬೆರಳಿಗೋ ಅಂಟಿಕೊಳ್ಳುತ್ತದೆ. ಒಮ್ಮೆ ಮೆಲ್ಲಗೆ ಬಾಯಿಂದ ಹಬೆ ಬಿಟ್ಟರೆ ಸರಿಯಾಗುತ್ತದೆ. ಸೀಸನ್ ಯಾವುದೇ ಇರಲಿ, ಫ್ಯಾನ್ ಹಾಕುವಂತಿಲ್ಲ. ಬೇಸಿಗೆಯಲ್ಲಿ ಬೆವರು ಸುರಿಸುತ್ತಾ ಕೂತು ಕೊಯ್ಯುವುದೇ. ಆ ರಿಬ್ಬನನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಚ್ಚಿಕೊಳ್ಳುತ್ತದೆ, ಆಗ ಅಡಿಯಿಂದ ಗಾಜಿನ ಸ್ಲೈಡ್ ತೂರಿಸಿ ಎತ್ತಿಕೊಳ್ಳಬೇಕು. ದೋಸೆ ತಿರುವಿದಷ್ಟೇ ಸಲೀಸು ಅಂತ ಹೊಸ ಹುಡುಗರು ಅಂದುಕೊಳ್ಳುತ್ತಾರೆ. ಕೈ ಪಳಗಲು ಆರು ತಿಂಗಳು ಬೇಕು.

ಬಣ್ಣದ್ದು ಹಳೆ ವಿದ್ಯೆ. ಹೆಮಟಾಕ್ಸಿಲಿನ್ ಅನ್ನುವುದು ಮೆಕ್ಸಿಕೋ ಕಡೆಯ ಒಂದು ಮರದ ಚೆಕ್ಕೆಯಿಂದ ಬರುವ ಬಣ್ಣ. ಅದು ಜೀವಕೋಶದ ನಡುವಿನ ನ್ಯೂಕ್ಲಿಯಸ್ ಅನ್ನು ನೀಲಿ ಮಾಡುತ್ತದೆ. ಇಯೋಸಿನ್ ಸುತ್ತಲಿನದನ್ನು ಗುಲಾಬಿ ಮಾಡುತ್ತದೆ. ನೂರು ವರ್ಷ ದಾಟಿದರೂ ಜಗತ್ತಿನ ಎಲ್ಲ ಲ್ಯಾಬಿನಲ್ಲೂ ಮೊದಲ ಸ್ಲೈಡ್ ಇದೇ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಬಹಳಷ್ಟು ಸಲ ಇದರಲ್ಲೇ ಗೊತ್ತಾಗುತ್ತದೆ. ಅವ್ವನ ಮೊದಲ ರಿಪೋರ್ಟ್ ಇದರದ್ದು.

ಹೀಗೆ ಎಲ್ಲ ಸರಿಯಾಗಿ ನಡೆದರೆ ಮೂರು ನಾಲ್ಕು ದಿನದ ಕೆಲಸ. ನಡುವೆ ಭಾನುವಾರ ಬರುತ್ತದೆ, ಚೂರು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಡಾಕ್ಟರ್ ಇನ್ನಷ್ಟು ಆಳಕ್ಕೆ ಕೊಯ್ದು ಕೊಡಿ ಅಂತಾರೆ. ಎಂಟು ದಿನ ಅಂದರೆ ನನಗೇನೂ ಆಶ್ಚರ್ಯ ಇಲ್ಲ. ಎಲುಬು ಇದ್ದರಂತೂ ಆಸಿಡ್‌ನಲ್ಲಿಟ್ಟು ಸುಣ್ಣದ ಅಂಶ ಕರಗಿಸಲೇ ದಿನಗಟ್ಟಲೆ ಬೇಕು.

ಆಪರೇಷನ್ ಟೇಬಲ್ ಮೇಲೇ ಇಪ್ಪತ್ತು ನಿಮಿಷದಲ್ಲಿ ಹೇಳುತ್ತಾರಂತಲ್ಲ ಅಂತ ಯಾರಾದರೂ ನಿಮಗೆ ಹೇಳಿರಬಹುದು. ಅದು ಫ್ರೋಜನ್ ಸೆಕ್ಷನ್. ಮೇಣದ ಬದಲು ಮೈನಸ್ 20 ಡಿಗ್ರಿ ಆಸುಪಾಸಿನಲ್ಲಿ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ಯುವುದು. ಗುಟ್ಕಾ ದೆಸೆಯಿಂದ ನಮ್ಮ ಕಡೆ ಬಾಯಿ ಕ್ಯಾನ್ಸರ್ ಆಪರೇಷನ್ನುಗಳಿಗೇನೂ ಕಡಿಮೆ ಇಲ್ಲ. ಅಂಚಿನಲ್ಲಿ ಇನ್ನೂ ಉಳಿದಿದೆಯಾ ಅಂತ ಸರ್ಜನ್ ಕತ್ತರಿ ಹಿಡಿದು ನಿಂತಿರುತ್ತಾರೆ. ಅಲ್ಲಿಗೆ ಅದು ಸರಿ. ಆದರೆ ಐಸ್ ಹರಳುಗಳು ಕೋಶಗಳನ್ನು ಹರಿದು ಹಾಕುತ್ತವೆ, ಚಿತ್ರ ಮಸುಕಾಗುತ್ತದೆ. ಕೊನೆಯ ಮಾತು ಮೇಣದ ಸ್ಲೈಡಿನದ್ದೇ.

ಈಗ ಐಎಚ್‌ಸಿ. ಮೊದಲ ರಿಪೋರ್ಟ್ ಕ್ಯಾನ್ಸರ್ ಅಂತ ಹೇಳಿತು. ಇದಕ್ಕೆ ಯಾವ ಔಷಧ ನಾಟುತ್ತದೆ ಅಂತ ಅದು ಹೇಳುವುದಿಲ್ಲ. ಕ್ಯಾನ್ಸರ್ ಕೋಶ ಹೆಂಗಸರ ಹಾರ್ಮೋನ್ ತಿಂದು ಬೆಳೆಯುತ್ತಿದ್ದರೆ ಮಾತ್ರೆಯಿಂದಲೇ ಅದನ್ನು ಉಪವಾಸ ಕೆಡವಬಹುದು. ಹಾರ್ಮೋನ್ ಹಿಡಿಯುವ ಕೊಂಡಿ ಆ ಕೋಶದಲ್ಲಿ ಇದೆಯಾ ಅಂತ ನೋಡುವುದು ಇಆರ್, ಪಿಆರ್. ಇನ್ನೊಂದು ಹರ್-2, ಕೋಶಕ್ಕೆ ಬೆಳೆ ಅಂತ ಹೇಳುವ ಬೇರೆ ಥರದ ಕೊಂಡಿ. ಎದೆಯ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಲ್ಲಿ ಇದು ಜಾಸ್ತಿ ಇರುತ್ತದೆ. ಮೊದಲು ಹರ್-2 ಅಂದರೆ ಕೆಟ್ಟ ಸುದ್ದಿ. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಒಪ್ಪಿಗೆ ಪಡೆದ ಮೇಲೆ ಅದಕ್ಕೆ ನೇರ ಔಷಧ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕೂಡ ಇದನ್ನು ನಮ್ಮ ದೇಶದಲ್ಲಿ ತಂದಿತು. ಟೆಸ್ಟ್ ಮಾಡದೆ ಕೊಟ್ಟರೆ ದುಡ್ಡು ದಂಡ, ಬೇಕಾದವರಿಗೆ ಕೊಡದಿದ್ದರೆ ಜೀವ ದಂಡ.

ಟೆಸ್ಟಿನಲ್ಲಿ ಮಾಡುವುದು ಇಷ್ಟೇ. ಆ ಕೊಂಡಿಯನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಯನ್ನು ಸ್ಲೈಡಿನ ಮೇಲೆ ಬಿಡುತ್ತೇವೆ. ಅಂಟಿದ ಕಡೆ ಕಂದು ಬಣ್ಣ ಬರುವ ಹಾಗೆ ಮಾಡುತ್ತೇವೆ. ಇಆರ್ ಇದ್ದರೆ ನ್ಯೂಕ್ಲಿಯಸ್ ಕಂದು ಆಗುತ್ತದೆ. ಹರ್-2 ಜಾಸ್ತಿ ಇದ್ದರೆ ಕೋಶದ ಸುತ್ತ ಗೆರೆ ಎಳೆದ ಹಾಗೆ, ಜೇನುಗೂಡಿನ ಥರ ಕಾಣುತ್ತದೆ. ಆಂಟಿಬಾಡಿಗೆ ಬಣ್ಣ ಕಟ್ಟಿ ಹುಡುಕುವ ಈ ಯುಕ್ತಿ 1941ರಷ್ಟು ಹಿಂದಿನದು, ಆಲ್ಬರ್ಟ್ ಕೂನ್ಸ್ ಅನ್ನುವವರದು. ಆದರೆ ಫಾರ್ಮಲಿನ್ ಆ ಕೊಂಡಿಗಳನ್ನು ಬಿಗಿದು ಮುಚ್ಚಿಬಿಡುತ್ತಿತ್ತು. ಸ್ಲೈಡನ್ನು ದ್ರಾವಣದಲ್ಲಿ ಚೆನ್ನಾಗಿ ಕುದಿಸಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ ಅಂತ 1991ರಲ್ಲಿ ಗೊತ್ತಾಯಿತು. ನಾನು ಕಲಿಯುವಾಗ ಮನೆಯ ಪ್ರೆಶರ್ ಕುಕ್ಕರಿನಲ್ಲೇ ಸ್ಲೈಡ್ ಬೇಯಿಸುತ್ತಿದ್ದೆವು. ಸೀಟಿ ಕೂಗಿದಾಗ ಹೊರಗೆ ಕೂತ ಪೇಷಂಟ್ ಕಡೆಯವರು ಒಳಗೆ ಅನ್ನಕ್ಕಿಟ್ಟಿದ್ದಾರೆ ಅಂತ ನಗುತ್ತಿದ್ದರು. ಆಂಟಿಬಾಡಿ ಹನಿ ಹನಿಗೂ ದುಬಾರಿ. ನಿಮ್ಮ ದುಡ್ಡು ಹೋಗುವುದು ಅಲ್ಲಿಗೆ.

ಹರ್-2ಗೆ 0, 1, 2, 3 ಅಂತ ಅಂಕ ಕೊಡುತ್ತಾರೆ. 3 ಬಂದರೆ ಪಾಸಿಟಿವ್. 0, 1 ಅಂದರೆ ನೆಗೆಟಿವ್, ಆದರೂ ಆ ಅಂಕವನ್ನು ಬರೆಸಿಕೊಳ್ಳಿ. 1 ಬಂದವರಲ್ಲೂ ಕೆಲವರಿಗೆ ಆಗುವ ಹೊಸ ಔಷಧ ಈಗ ಬಂದಿದೆ. 2 ಬಂದರೆ ಅಡ್ಡಗೋಡೆ ಮೇಲಿನ ದೀಪ, ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಹೇಳುತ್ತಾರೆ. ಆಗಲೂ ಇದೇನು ಮತ್ತೊಂದು ಆಟ ಅಂತ ಸಿಟ್ಟಾಗಬೇಡಿ. ಅದು ಜೀನ್ ಎಷ್ಟು ಪ್ರತಿ ಆಗಿದೆ ಅಂತ ನೇರವಾಗಿ ಎಣಿಸುತ್ತದೆ.

ಟೆಸ್ಟ್ ಎಷ್ಟೇ ಹೊಸದಿರಲಿ, ಎಲ್ಲದರ ಜುಟ್ಟು ಮೊದಲ ಬಾಟಲಿಯ ಕೈಯಲ್ಲಿದೆ. ಇದನ್ನು ನಾನು ಕಲಿತದ್ದು ನಮ್ಮ ಚಿಗವ್ವನಿಂದ. ಅವರಿರುವುದು ಹಾವೇರಿ ಜಿಲ್ಲೆಯ ಒಂದು ಊರಲ್ಲಿ. ಅಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿ, ಹೆಸರು ಬೇಡ, ಶನಿವಾರ ಮಧ್ಯಾಹ್ನ ಎದೆಯ ಗಂಟು ತೆಗೆದರು. ಫಾರ್ಮಲಿನ್ ಖಾಲಿ ಆಗಿತ್ತಂತೆ. ಗಂಟನ್ನು ಕುಡಿಯುವ ನೀರಿನ ಬಾಟಲಿಗೆ ತುರುಕಿ, ಸಲೈನ್ ಸುರಿದು ಚಿಗವ್ವನ ಮಗನ ಕೈಗೆ ಕೊಟ್ಟರು. ಪಾಪ ಅವನಿಗೇನು ಗೊತ್ತು. ಭಾನುವಾರ ಮನೆಯಲ್ಲಿಟ್ಟುಕೊಂಡು ಸೋಮವಾರ ಬಸ್ ಹತ್ತಿದ. ನನಗೆ ಫೋನ್ ಮಾಡಿದ್ದು ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ.

ಮುಚ್ಚಳ ತಿರುವಿದಾಗಲೇ ವಾಸನೆಯಲ್ಲಿ ಗೊತ್ತಾಯಿತು. ಬಾಟಲಿಯ ಬಾಯಿ ಚಿಕ್ಕದು, ಗಂಟು ದೊಡ್ಡದು. ಕತ್ತರಿಯಿಂದ ಬಾಟಲಿಯನ್ನೇ ಸೀಳಿ ತೆಗೆದೆ. ನಡುವೆ ಕೊಯ್ದರೆ ಒಳಗೆಲ್ಲ ಕೊಳೆತ ಹಣ್ಣಿನ ಹಾಗೆ. ಅಂಚಿನ ಚೂರಿನಲ್ಲಿ ಹೇಗೋ ಕ್ಯಾನ್ಸರ್ ಅಂತ ಗೊತ್ತಾಯಿತು. ಇಆರ್ ಮಾಡಿದೆ. ಒಂದು ಚುಕ್ಕೆ ಕಂದು ಇಲ್ಲ. ನೆಗೆಟಿವ್ ಅಂತ ನಾನು ಅಂದುಕೊಂಡೆ. ನಮ್ಮ ಪೆಥಾಲಜಿಸ್ಟ್ ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ, "ಪಕ್ಕದಲ್ಲಿರೋ ಒಳ್ಳೆ ಹಾಲಿನ ನಾಳಗಳೂ ಬಣ್ಣ ಹಿಡಿದಿಲ್ಲ ನೋಡ್ರಿ. ಅವು ಹಿಡೀಲೇಬೇಕಿತ್ತು. ಇದನ್ನ ನಾನು ನೆಗೆಟಿವ್ ಅಂತ ಬರೆಯಲ್ಲ" ಅಂದರು. ಟೆಸ್ಟ್ ಸರಿಯಾಗಿ ನಡೆದಿದೆಯಾ ಅಂತ ನೋಡಲು ಜೊತೆಗೇ ಮಾಡುವ ಕಂಟ್ರೋಲ್ ಸ್ಲೈಡ್ ಚೆನ್ನಾಗೇ ಬಂದಿತ್ತು. ಅಂದರೆ ಟೆಸ್ಟ್ ಸರಿ, ಚೂರೇ ಸತ್ತಿತ್ತು. ಮುಂದೆ ಹುಬ್ಬಳ್ಳಿಯಲ್ಲಿ ದೊಡ್ಡ ಆಪರೇಷನ್ ಆದಾಗ ಕಂಕುಳಿನ ಗಂಟುಗಳಲ್ಲೂ ರೋಗ ಇತ್ತು. ಅವನ್ನು ಐದು ನಿಮಿಷದೊಳಗೆ ಫಾರ್ಮಲಿನ್‌ಗೆ ಹಾಕಿಸಿದೆ. ಇಆರ್ ದಟ್ಟವಾಗಿ ಪಾಸಿಟಿವ್ ಬಂತು. ಈಗ ದಿನಕ್ಕೊಂದು ಮಾತ್ರೆ. ಅಡಿಗೆಮನೆಯಲ್ಲಿ ಶೇಂಗಾ ಚಟ್ನಿಪುಡಿ ಡಬ್ಬಿಯ ಪಕ್ಕ ಇಟ್ಟಿರುತ್ತಾರೆ, ಊಟ ಆದ ಮೇಲೆ ಮರೆಯಬಾರದು ಅಂತ. ಮೇಡಂ ಅವತ್ತು ಕಾಟಾಚಾರಕ್ಕೆ ನೆಗೆಟಿವ್ ಬರೆದಿದ್ದರೆ ಆ ಡಬ್ಬಿ ಪಕ್ಕ ಮಾತ್ರೆ ಇರುತ್ತಿರಲಿಲ್ಲ.

ಕಂಪ್ಯೂಟರ್ ವಿಷಯ. ಬಂದಿದೆ, ಸುಳ್ಳಲ್ಲ. ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ರಿಪೋರ್ಟ್ ಮಾಡಲು 2017ರಲ್ಲಿ ಅಮೆರಿಕದಲ್ಲಿ ಮೊದಲ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಪ್ರಾಸ್ಟೇಟ್ ಚೂರಿನಲ್ಲಿ ಅನುಮಾನದ ಜಾಗ ತೋರಿಸುವ ಎಐಗೂ ಸಿಕ್ಕಿತು. ಅದು ತೋರಿಸುತ್ತದೆ ಅಷ್ಟೇ, ಸಹಿ ಡಾಕ್ಟರದ್ದೇ. ನನಗೆ ಇದರಲ್ಲಿ ದೊಡ್ಡ ಲಾಭ ಕಾಣುವುದು ದೂರದ ಊರಿನವರಿಗೆ. ಕಷ್ಟದ ಕೇಸ್ ಬಂದರೆ ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಒಮ್ಮೆ ಒಡೆದೇ ಹೋಯಿತು. ಸ್ಕ್ಯಾನ್ ಆದರೆ ಆ ಪ್ರಯಾಣ ತಪ್ಪುತ್ತದೆ. ಆದರೆ ಸ್ಕ್ಯಾನ್ ಮಾಡಲೂ ಸ್ಲೈಡ್ ಬೇಕು. ಫಾರ್ಮಲಿನ್ ಇಳಿಯುವ ವೇಗವನ್ನು ಯಾವ ಕಂಪ್ಯೂಟರೂ ಜಾಸ್ತಿ ಮಾಡಲ್ಲ.

ನೀವು ಮಾಡಬೇಕಾದ್ದು ಹೇಳುತ್ತೇನೆ. ಐಎಚ್‌ಸಿಗೆ ಅವ್ವನಿಗೆ ಮತ್ತೆ ಸೂಜಿ ಚುಚ್ಚಬೇಕಿಲ್ಲ, ಅದೇ ಬ್ಲಾಕಿನಿಂದ ಇನ್ನಷ್ಟು ಪದರ ಕೊಯ್ದು ಮಾಡುತ್ತಾರೆ. ಗದಗದಲ್ಲಿ ಆಗದಿದ್ದರೆ ಬ್ಲಾಕ್, ಸ್ಲೈಡ್, ರಿಪೋರ್ಟಿನ ಪ್ರತಿ ಮೂರನ್ನೂ ಕೇಳಿ ಪಡೆಯಿರಿ. ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಕೆಲಸ ಆದ ಮೇಲೆ ವಾಪಸ್ ತಂದು ಜೋಪಾನ ಮಾಡಿ, ವರ್ಷಗಳಾದ ಮೇಲೂ ಅದೇ ಬ್ಲಾಕಿನಿಂದ ಹೊಸ ಟೆಸ್ಟ್ ಮಾಡಬಹುದು. ಆಯುಷ್ಮಾನ್ ಕಾರ್ಡ್ ಇದ್ದರೆ ಇದರಲ್ಲಿ ಏನೇನು ಬರುತ್ತದೆ ಅಂತ ದುಡ್ಡು ಕಟ್ಟುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂದೆ ಆಪರೇಷನ್ ಆದರೆ, ಅಗಲ ಬಾಯಿಯ ಡಬ್ಬಿ ಮತ್ತು ಗಂಟಿನ ಹತ್ತು ಪಟ್ಟು ಫಾರ್ಮಲಿನ್ ರೆಡಿ ಇದೆಯಾ ಅಂತ ಹಿಂದಿನ ದಿನವೇ ಸಿಸ್ಟರನ್ನು ಕೇಳಿ. ಕೇಳಿದರೆ ಯಾರೂ ಬೈಯಲ್ಲ. ಬೈದರೂ ಪರವಾಗಿಲ್ಲ.

ಬ್ಲಾಕ್ ತರುವಾಗ ಫ್ರಿಜ್, ಐಸ್ ಏನೂ ಬೇಡ. ಕಾಗದದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರೆ ಸಾಕು. ಕಾರಿನಲ್ಲಿ ಬಂದರೆ ಗಾಜಿನ ಹಿಂದೆ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಹೋದ ಮೇ ತಿಂಗಳಲ್ಲಿ ಒಬ್ಬರು ಹಾಗೇ ಇಟ್ಟು ಊಟಕ್ಕೆ ಇಳಿದಿದ್ದರು. ನನ್ನ ಕೈಗೆ ಬಂದದ್ದು ಎಣ್ಣೆ ಕುಡಿದ ಕಾಗದ, ಅದರ ಮಡಿಕೆಯಲ್ಲಿ ಸೊಟ್ಟಗೆ ಅಂಟಿಕೊಂಡ ಚೂರು. ಮತ್ತೆ ಮೇಣ ಹಾಕಿ ಕೂರಿಸಿದೆ. ಅವರ ಪುಣ್ಯ, ಉಳಿಯಿತು.