ಕ್ಯಾಮೆರಾ ಆಮೇಲೆ ಕೊಳ್ಳಿ

ದುರ್ಗದ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೆಂಗಳೂರಲ್ಲಿ ಸಿನಿಮಾ ಕೋರ್ಸ್ ಸೇರಿ ನಾಲ್ಕು ತಿಂಗಳಾದರೂ ಕೇಬಲ್ ಸುತ್ತುವುದು, ನಟರ ಮುಖಕ್ಕೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಿಡಿಯುವುದೇ ಆಗಿದೆ, ಮೊಬೈಲಲ್ಲಿ ತೆಗೆದರೆ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆ ಬರುತ್ತದೆ, ಅಪ್ಪನ ಹತ್ತಿರ ಒಂದೂವರೆ ಲಕ್ಷ ಕೇಳಿ ಕ್ಯಾಮೆರಾ ಕೊಳ್ಳಲಾ ಅಂತ ಬರೆದಿದ್ದೀರಿ.

ಬೇಡ. ಈಗಲೇ ಬೇಡ.

ಪಟ್ಟೆಗೆ ಮೊಬೈಲ್ ಕಾರಣ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡಿಗೆ ಇಡಿ, ಪಟ್ಟೆ ಹೋಗುತ್ತದೆ. ಕೆಲವು ಅಗ್ಗದ ಎಲ್‌ಇಡಿಗಳು ಮಾತ್ರ ಯಾವ ಮಾತೂ ಕೇಳುವುದಿಲ್ಲ, ಅವನ್ನು ಆರಿಸಿಬಿಡಿ.

ನಾನೂ ಮೊದಲು ಸಿನಿಮಾ ಓದಲು ಹೋದವನೇ, ಪತ್ರಿಕೆಗೆ ಬಂದಿದ್ದು ಆಮೇಲೆ. ಮೊದಲ ವರ್ಷದ ಶೂಟಿಂಗಿಗೆ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗೇ ಬಂದೆ. 16 ಎಂಎಂ ಫಿಲ್ಮು, ಕೈಲಿದ್ದದ್ದು 400 ಅಡಿಯ ಒಂದೇ ರೋಲು, ಅಂದರೆ ಹೆಚ್ಚುಕಡಿಮೆ 11 ನಿಮಿಷ. ಕಾದ ಮರಳಿಗೆ ಅಕ್ಕಿ ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬಾಣಲೆ ತುಂಬ ಬೆಳ್ಳಗೆ ಉಕ್ಕುವುದು, ಜರಡಿ ಹಿಡಿದವನ ಮೊಣಕೈಯಿಂದ ಬೆವರು ತೊಟ್ಟಿಕ್ಕುವುದು, ಎಲ್ಲಾ ಸೊಗಸಾಗಿ ಬಂತು. ನಮಗೆ ನಾವೇ ಶಹಬ್ಬಾಸ್ ಹೇಳಿಕೊಂಡು ಮಿರ್ಚಿ ತಿಂದು ಬಸ್ ಹತ್ತಿದೆವು.

ಎಡಿಟಿಂಗಿಗೆ ಕೂತಾಗ ಗೊತ್ತಾಯಿತು. ಭಟ್ಟಿಯವರ ಒಂದು ಮಾತಿನ ಹಿಂದೆ ಬೆಂಕಿ ಭೋರ್ಗರೆಯುತ್ತಿದೆ, ಮುಂದಿನ ಮಾತಿನ ಹಿಂದೆ ಬೆಂಕಿಯೇ ಇಲ್ಲ. ಪ್ರತಿ ಕಟ್‌ಗೂ, ಅಂದರೆ ತುಣುಕಿಗೆ ತುಣುಕು ಸೇರುವ ಕಡೆಯೆಲ್ಲ, ಸದ್ದು ಎಗರುತ್ತಿತ್ತು. 'ರೂಮ್ ಟೋನ್ ಎಲ್ಲಿ?' ಅಂದರು ಮೇಷ್ಟ್ರು. ಯಾರೂ ಮಾತಾಡದೆ, ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಂಡಿದ್ದರೆ ಕಟ್‌ಗಳ ಕೆಳಗೆ ಹಾಸಬಹುದಿತ್ತು. ಹಿಡಿದಿರಲಿಲ್ಲ. ಮತ್ತೆ ಬಂದರೆ ಮಳೆ ಹಿಡಿದು ಭಟ್ಟಿ ಆರಿಸಿದ್ದರು. ಕೊನೆಗೆ ಮೆಸ್ಸಿನ ಬಾಣಲೆಯಲ್ಲಿ ಮರಳು ಹಾಕಿ ಶೇಂಗಾ ಹುರಿದು ರೆಕಾರ್ಡ್ ಮಾಡಿದೆವು. ಕೇಳಿದವರಿಗೆಲ್ಲ ಅದು ಶೇಂಗಾ ಹುರಿದ ಹಾಗೇ ಕೇಳಿಸಿತು!

ಅದಕ್ಕೇ ಹೇಳಿದ್ದು. ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್, ಅಂಗಿಗೆ ಸಿಕ್ಕಿಸುವ ಒಂದು ಮೈಕ್, ಸದ್ಯಕ್ಕೆ ಇಷ್ಟು ಸಾಕು. ಅಪ್ಪನ ದುಡ್ಡು ಅಲ್ಲೇ ಇರಲಿ, ಎಲ್ಲಿಗೂ ಓಡಿಹೋಗಲ್ಲ ಅಲ್ವಾ?

ಕೇಬಲ್ ಬಗ್ಗೆಯೂ ಬೇಸರ ಬೇಡ, ಆದರೆ ಮೊಣಕೈಗೆ ಸುತ್ತಬೇಡಿ, ಒಳಗಿನ ತಂತಿ ತಿರುಚಿಕೊಂಡು ಶೂಟಿಂಗ್ ದಿನವೇ ಕೈಕೊಡುತ್ತದೆ. ಇನ್ನು ರಿಫ್ಲೆಕ್ಟರ್ ಹಿಡಿದವನು ನಟರಿಗೆ ಎಲ್ಲರಿಗಿಂತ ಹತ್ತಿರ ನಿಂತಿರುತ್ತಾನೆ. ಟೇಕ್ ಮುಗಿದ ಮೇಲೆ ನಿರ್ದೇಶಕರು ಕಿವಿಯಲ್ಲಿ ಏನೋ ಹೇಳಿದ ತಕ್ಷಣ ಆ ಮುಖ ಹೇಗೆ ಬದಲಾಗುತ್ತದೆ ಅನ್ನುವುದು ನಿಮಗೆ ಕಂಡಷ್ಟು ಕ್ಯಾಮೆರಾದವನಿಗೂ ಕಾಣಿಸಲ್ಲ.

1972ರ 'ನಾಗರಹಾವು' ನಮ್ಮ ಕೋಟೆಯಲ್ಲೇ ಶೂಟ್ ಆಗಿದ್ದು ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ, ರಜೆಗೆ ಊರಿಗೆ ಬಂದಾಗ ಜನ ಸೇರುವ ಮುಂಚೆ ಆ ಕೋಟೆ ಹತ್ತಿ. ಓಬವ್ವನ ಕಿಂಡಿಯ ಒಳಗೆ ಒಂದು ನಿಮಿಷ, ಮೇಲೆ ಬಂಡೆಯ ಮೇಲೆ ಒಂದು ನಿಮಿಷ, ಉಸಿರೂ ಕೇಳಿಸದ ಹಾಗೆ ರೆಕಾರ್ಡ್ ಮಾಡಿ. ಗಾಳಿ ಜಾಸ್ತಿ, ಮೈಕಿಗೆ ಸ್ಪಂಜು ಹಾಕಿ. ಎರಡನ್ನೂ ನನಗೆ ಕಳಿಸಿ, ಯಾವುದು ಎಲ್ಲಿಯದು ಅಂತ ಮಾತ್ರ ಬರೆಯಬೇಡಿ. ನನಗೆ ಗೊತ್ತಾಗುತ್ತದಾ ನೋಡೋಣ.

– ಸಂಪಾದಕ