ತಂತ್ರಜ್ಞಾನದ ಭವಿಷ್ಯಕ್ಕೆ ಶಾಲೆಗಳನ್ನು ಸಜ್ಜುಗೊಳಿಸಲು ಕಂಪ್ಯೂಟರ್ ಕೊಟ್ಟರೆ ಸಾಕೇ?

ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಎಸ್ಟೋನಿಯಾ ಒಳ್ಳೆಯ ನಿದರ್ಶನ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಹೊಂದಿದ ಆ ಪುಟ್ಟ ದೇಶ, ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ, 1996ರಲ್ಲಿ ‘ಹುಲಿ ಜಿಗಿತ’ ಎಂಬ ಯೋಜನೆಯನ್ನು ಘೋಷಿಸಿ, ಶಾಲೆಗಳಿಗೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಒದಗಿಸುವುದರ ಜೊತೆಜೊತೆಗೇ ಶಿಕ್ಷಕರ ತರಬೇತಿಯನ್ನೂ ಕೈಗೆತ್ತಿಕೊಂಡಿತು. ಬೋಧನೆಯ ವಿಧಾನವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಅಲ್ಲಿನ ಶಿಕ್ಷಕರಿಗಿದೆ. ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸುವ ಅಂತರರಾಷ್ಟ್ರೀಯ ‘ಪೀಸಾ’ ಪರೀಕ್ಷೆಯಲ್ಲಿ, 2018ರಲ್ಲಿ, ಅಲ್ಲಿನ 15 ವರ್ಷದ ಮಕ್ಕಳು ಓದು, ಗಣಿತ, ವಿಜ್ಞಾನ ಮೂರರಲ್ಲೂ ಯುರೋಪಿನ ಮುಂಚೂಣಿಯಲ್ಲಿದ್ದರು. ಅದರ ಶ್ರೇಯಸ್ಸೆಲ್ಲ ಯಂತ್ರಗಳಿಗೆ ಸಲ್ಲುವಂಥದ್ದಲ್ಲ.

ಕೃತಕ ಬುದ್ಧಿಮತ್ತೆಯೇ ಕ್ಷಣದಲ್ಲಿ ಉತ್ತರ ಬರೆದುಕೊಡುವ ಈ ಕಾಲದಲ್ಲಿ ಮೊದಲು ಬದಲಾಗಬೇಕಾದದ್ದು ನಾವು ಮಕ್ಕಳಿಗೆ ಕೇಳುವ ಪ್ರಶ್ನೆ. ‘ದ್ಯುತಿಸಂಶ್ಲೇಷಣೆ ಎಂದರೇನು?’ ಎಂದು ಕೇಳುವ ಬದಲು, ಗಿಡದ ಒಂದು ಎಲೆಗೆ ಕಪ್ಪು ಕಾಗದ ಸುತ್ತಿಟ್ಟು, ಕೆಲವು ದಿನಗಳ ನಂತರ ಆ ಎಲೆಯನ್ನೂ ಬಿಸಿಲು ಕಂಡ ಎಲೆಯನ್ನೂ ಬಣ್ಣ ತೆಗೆದು, ಪಿಷ್ಟವಿದೆಯೇ ಎಂದು ಅಯೋಡಿನ್‌ನಿಂದ ಪರೀಕ್ಷಿಸಿ, ತಾವು ಕಂಡದ್ದು ಯಂತ್ರ ಹೇಳಿದ್ದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಮಕ್ಕಳಿಂದಲೇ ಬರೆಸಬಹುದು. ಇಂಥ ಬರಹಕ್ಕೆ ಅಂಕ ಕೊಡುವ ಪರೀಕ್ಷಾ ಪದ್ಧತಿ ಬಾರದ ಹೊರತು, ಎಷ್ಟೇ ಉತ್ಸಾಹಿ ಶಿಕ್ಷಕರಾದರೂ ಕೊನೆಗೆ ನೋಟ್ಸ್ ಬರೆಸುವುದಕ್ಕೇ ಮರಳುತ್ತಾರೆ.